ರೋಗಿಯ ಮರ್ಜಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಖಾಲಾ, ಅಂದರೆ ತಾಯಿಯ ಅಕ್ಕ, ಸಕ್ಕರೆ ಕಾಯಿಲೆಯಿಂದ ಬಲಗಾಲು ಕೊಳೆತು ಆಸ್ಪತ್ರೆ ಸೇರಿದ್ದರು. ಆಗ ಅವರಿಗೆ 78 ವರ್ಷ. ಕಿವಿ ಮಂದವಾಗಿತ್ತು, ಕಣ್ಣು ಮಸುಕಾಗಿತ್ತು, ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಮನೆಯ ಹಾಲಿನ ಲೆಕ್ಕ, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಕೊಟ್ಟರೆಂಬ ಲೆಕ್ಕ ಎಲ್ಲವೂ ನಾಲಗೆಯ ತುದಿಯಲ್ಲಿತ್ತು. ವೈದ್ಯರು ನಮ್ಮನ್ನೆಲ್ಲ ವಾರ್ಡಿನ ಹೊರಗೆ ಕರೆದು, ಮೊಣಕಾಲಿನ ಕೆಳಗೆ ಕಾಲು ತೆಗೆಯದಿದ್ದರೆ ನಂಜು ಮೈಗೆಲ್ಲ ಏರುತ್ತದೆ ಎಂದರು. ಹಿರಿಯ ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾವು ಸಹಿ ಹಾಕಿದೆವು. ಖಾಲಾ ಕೇಳಿದಾಗ, ಗಾಯ ತೊಳೆಯಲು ಕರೆದೊಯ್ಯುತ್ತಿದ್ದಾರೆ ಎಂದೆವು. ಅವರ ಕಿವಿಯ ಮೆಶೀನು ಮಂಚದ ಕೆಳಗಿನ ಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟಂತೆಯೇ ಇತ್ತು. ಅದನ್ನು ತೆಗೆದು ಅವರ ಕಿವಿಗೆ ಹಾಕಬೇಕೆಂದು ವೈದ್ಯರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಪ್ರಾಣ ಉಳಿಯಿತು. ಮೂರು ದಿನ ಅವರು ಯಾರೊಂದಿಗೂ ಮಾತನಾಡಲಿಲ್ಲ. ನಾಲ್ಕನೆಯ ದಿನ ನಮ್ಮ ಮುಖ ನೋಡಿ, 'ಪೂಛೇ ತೋ ಹೌ ಬೋಲ್ತೀ ಥೀ ನಾ' ಎಂದರು. ಕೇಳಿದ್ದರೆ ಹೂಂ ಅನ್ನುತ್ತಿದ್ದೆನಲ್ಲ ಎಂದರ್ಥ.

ಹೂಂ ಅನ್ನಲು ಸಿದ್ಧರಿದ್ದವರನ್ನೂ ನಾವೇಕೆ ಕೇಳಲಿಲ್ಲ? ವಯಸ್ಸಾದವರು, ಕಿವಿ ಕೇಳದವರು, ಮಾತು ಬಾರದವರು, ಬುದ್ಧಿ ಬೆಳೆಯದವರು ಆಸ್ಪತ್ರೆಯ ಹೊಸ್ತಿಲು ದಾಟಿದೊಡನೆ ಅವರ ಬಗ್ಗೆ ಮಾತನಾಡುವವರು ಹೆಚ್ಚುತ್ತಾರೆ, ಅವರೊಂದಿಗೆ ಮಾತನಾಡುವವರು ಕಡಿಮೆಯಾಗುತ್ತಾರೆ. ರೋಗಿಯನ್ನು ಕೇಳಿ ಚಿಕಿತ್ಸೆ ಮಾಡುವುದು ಪಶ್ಚಿಮದಿಂದ ಬಂದ ರಿವಾಜು, ನಮ್ಮದು ಕೂಡಿ ಬಾಳುವ ಕುಟುಂಬದ ಪದ್ಧತಿ, ಇಲ್ಲಿ ಮನೆಯವರೇ ತೀರ್ಮಾನಿಸುತ್ತಾರೆ ಎಂದು ಹೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನಾವೂ ಹಾಗೆಯೇ ನಂಬಿದ್ದೆವು. ಖಾಲಾರ ಮಾತಿನ ಬಳಿಕ ಇತಿಹಾಸದ ಪುಟಗಳನ್ನು ತಿರುವಿದಾಗ ಈ ನಂಬಿಕೆ ನಿಲ್ಲಲಿಲ್ಲ.

ಮೊದಲು ಒಂದು ಶಬ್ದದ ವಿಚಾರ. ಉರ್ದುವಿನಲ್ಲಿ ರೋಗಿಗೆ ಮರೀಜ್ ಎನ್ನುತ್ತಾರೆ, ಇಚ್ಛೆಗೆ ಮರ್ಜಿ ಎನ್ನುತ್ತಾರೆ. ಕೇಳಲು ಒಡಹುಟ್ಟಿದಂತಿದ್ದರೂ ಅರಬಿಯಲ್ಲಿ ಇವೆರಡರ ಮೂಲ ಬೇರೆ. ಮರ್ಜಿ ಹುಟ್ಟಿದ್ದು ಮನಸಾರೆ ಒಪ್ಪುವುದು ಎಂಬರ್ಥದ 'ರಿಝಾ' ಎಂಬ ಮೂಲದಿಂದ. ಕನ್ನಡದ ರಾಜಿ ಕೂಡ ಅಲ್ಲಿಂದಲೇ ಬಂದದ್ದು. ಇಬ್ಬರೂ ಮನಸಾರೆ ಒಪ್ಪಿದರೆ ರಾಜಿ. ಯಜಮಾನ ಒಪ್ಪಿ ಬಿಟ್ಟುಕೊಟ್ಟರೆ ರಜಾ. ಮರ್ಜಿ ಮಾತ್ರ ಕನ್ನಡಕ್ಕೆ ಬರುವಾಗ ದೊಡ್ಡವರ ಸೊತ್ತಾಗಿಬಿಟ್ಟಿತು. ಸಾಹೇಬರ ಮರ್ಜಿ ಕಾಯುತ್ತೇವೆ, ಸಾಹುಕಾರರ ಮರ್ಜಿ ಹಿಡಿಯುತ್ತೇವೆ. ಹಾಸಿಗೆ ಹಿಡಿದವರಿಗೂ ಒಂದು ಮರ್ಜಿ ಇದೆ ಎಂದು ನಾವು ಹೇಳುವುದು ಅಪರೂಪ.

ಪ್ರವಾದಿ ಮುಹಮ್ಮದ್(ಸ)ರ ಕೊನೆಯ ಕಾಯಿಲೆಯ ದಿನಗಳ ಒಂದು ಘಟನೆ ಸಹೀಹ್ ಬುಖಾರಿಯಲ್ಲಿದೆ. ಅದನ್ನು ವರದಿ ಮಾಡಿದವರು ಅವರ ಪತ್ನಿ ಹಝ್ರತ್ ಆಯಿಶಾ(ರ). ಜ್ವರದ ತಾಪದಲ್ಲಿದ್ದ ಪ್ರವಾದಿಯವರ ಬಾಯಿಯ ಒಂದು ಬದಿಯಿಂದ ಮನೆಯವರು ಔಷಧ ಸುರಿದರು. ಹಾಗೆ ಕೊಡುವ ಔಷಧಕ್ಕೆ ಲದೂದ್ ಎಂದು ಹೆಸರು. ಬೇಡವೆಂದು ಅವರು ಸನ್ನೆ ಮಾಡುತ್ತಿದ್ದರು. ಕಾಯಿಲೆಯವರಿಗೆ ಔಷಧವೆಂದರೆ ಬೇಸರ, ಆದ್ದರಿಂದ ಹೀಗೆ ಮಾಡುತ್ತಿದ್ದಾರೆಂದು ಮನೆಯವರು ಭಾವಿಸಿದರು. ಸ್ವಲ್ಪ ಚೇತರಿಸಿಕೊಂಡಾಗ ಪ್ರವಾದಿಯವರು, ಬೇಡವೆಂದು ಹೇಳಿರಲಿಲ್ಲವೇ ಎಂದು ಪ್ರಶ್ನಿಸಿದರು. ಬಳಿಕ ಆ ಮನೆಯಲ್ಲಿದ್ದ ಪ್ರತಿಯೊಬ್ಬರ ಬಾಯಿಗೂ ಅದೇ ಔಷಧವನ್ನು ತಮ್ಮ ಕಣ್ಣೆದುರೇ ಸುರಿಯಬೇಕೆಂದು ಆಜ್ಞಾಪಿಸಿದರು. ಆ ಹೊತ್ತಿನಲ್ಲಿ ಅಲ್ಲಿ ಇರದ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಮಾತ್ರ ವಿನಾಯಿತಿ.

ಬಾಲ್ಯದಲ್ಲಿ ಮದ್ರಸಾದಲ್ಲಿ ಈ ಘಟನೆಯನ್ನು ಕೇಳಿ ನಾವು ನಕ್ಕದ್ದುಂಟು. ಈಗ ನಗು ಬರುವುದಿಲ್ಲ. ಔಷಧ ಸುರಿದವರು ಶತ್ರುಗಳಾಗಿರಲಿಲ್ಲ, ಅವರನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವವರಾಗಿದ್ದರು. ಬೇಡವೆಂಬ ಸನ್ನೆ ಅವರ ಕಣ್ಣಿಗೆ ಬಿದ್ದಿತ್ತು. ಆದರೆ ಅದನ್ನು ಒಬ್ಬ ಮನುಷ್ಯನ ತೀರ್ಮಾನವೆಂದು ಓದುವ ಬದಲು ಕಾಯಿಲೆಯ ಲಕ್ಷಣವೆಂದು ಓದಿದರು. ಇಂದಿಗೂ ಆಸ್ಪತ್ರೆಗಳಲ್ಲಿ ವೃದ್ಧರ ವಿಷಯದಲ್ಲಿ ನಡೆಯುವ ತಪ್ಪು ಇದೇ. ಮುದುಕಿ ಹಟ ಮಾಡುತ್ತಾಳೆ, ಅಜ್ಜನಿಗೆ ಅರಳುಮರಳು, ಅವಳಿಗೇನು ತಿಳಿಯುತ್ತದೆ ಎನ್ನುತ್ತೇವೆ. ಬೇಡ ಎಂಬುದು ರೋಗದ ಭಾಗವಾಗುತ್ತದೆ, ಹೂಂ ಎಂಬುದು ಮಾತ್ರ ಬುದ್ಧಿಯ ಗುರುತಾಗುತ್ತದೆ.

ಇನ್ನೊಂದು ಹದೀಸ್. ಮೂರ್ಛೆರೋಗವಿದ್ದ ಒಬ್ಬ ಕಪ್ಪು ಮಹಿಳೆ ಪ್ರವಾದಿ(ಸ)ರ ಬಳಿ ಬಂದು, ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ, ತನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡರು. ಪ್ರವಾದಿಯವರು ಎರಡು ದಾರಿಗಳನ್ನು ಅವರ ಮುಂದಿಟ್ಟರು. ಸಹನೆಯಿಂದಿದ್ದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ. ಆ ಮಹಿಳೆ ಸಹನೆಯನ್ನು ಆರಿಸಿಕೊಂಡರು. ಆದರೆ ಒಂದು ಷರತ್ತು ಸೇರಿಸಿದರು. ಮೂರ್ಛೆಯಲ್ಲಿ ಮೈ ಬಯಲಾಗದಿರಲಿ ಎಂದಾದರೂ ಪ್ರಾರ್ಥಿಸಿ ಎಂದರು. ಪ್ರವಾದಿಯವರು ಹಾಗೆಯೇ ಪ್ರಾರ್ಥಿಸಿದರು. ಅವರ ಗಂಡ ಯಾರು, ಅಣ್ಣ ಯಾರು, ಯಾರ ಅನುಮತಿ ಪಡೆದು ಬಂದಿದ್ದಾರೆ ಎಂಬ ಪ್ರಶ್ನೆಗಳು ಈ ವರದಿಯಲ್ಲಿ ಇಲ್ಲ. ಕಾಯಿಲೆಯನ್ನು ಹೊತ್ತು ಬದುಕಬೇಕಾದವರು ಅವರು, ಆದ್ದರಿಂದ ಅವರನ್ನೇ ಕೇಳಲಾಯಿತು. ನೋಡುವವರಿಗೆ ಮೂರ್ಛೆ ದೊಡ್ಡದಾಗಿ ಕಂಡರೆ ಅವರಿಗೆ ಮಾನ ದೊಡ್ಡದಾಗಿತ್ತು. ಕೇಳದೇ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಕರ್ಮಶಾಸ್ತ್ರದ ವಿದ್ವಾಂಸರು ಈ ದಾರಿಯಲ್ಲಿ ಬಹಳ ದೂರ ಯೋಚಿಸಿದ್ದಾರೆ. 1223ರಲ್ಲಿ ನಿಧನರಾದ ಹಂಬಲಿ ವಿದ್ವಾಂಸ ಇಬ್ನ್ ಕುದಾಮಾ ತಮ್ಮ 'ಅಲ್ ಮುಗ್ನಿ' ಗ್ರಂಥದಲ್ಲಿ, ವ್ಯಕ್ತಿಯ ಅನುಮತಿಯಿಲ್ಲದೆ ಅವನ ಮೈಮೇಲಿನ ಗಂಟನ್ನು ಕೊಯ್ದ ವೈದ್ಯ ಮುಂದಾಗುವ ಹಾನಿಗೆ ಹೊಣೆಗಾರ ಎಂದರು. ಒಂದು ಶತಮಾನದ ಬಳಿಕ ಇಬ್ನುಲ್ ಕಯ್ಯಿಮ್, ಒಳ್ಳೆಯದನ್ನೇ ಬಯಸಿ ಮಾಡಿದವನ ಮೇಲೆ ದಂಡ ಹೊರಿಸುವುದು ಸರಿಯೇ ಎಂಬ ಪ್ರಶ್ನೆಯೆತ್ತಿದರು. ಒಳ್ಳೆಯ ಉದ್ದೇಶ ದೊಡ್ಡದೋ, ಅನುಮತಿ ದೊಡ್ಡದೋ ಎಂಬ ಈ ವಾದ ಇಂದಿಗೂ ನ್ಯಾಯಾಲಯಗಳಲ್ಲಿ ಮುಗಿದಿಲ್ಲ.

ಇವರೆಲ್ಲರಿಗಿಂತ ಮೊದಲಿನವರು ಕೂಫಾದ ಇಮಾಮ್ ಅಬೂ ಹನೀಫಾ. 767ರಲ್ಲಿ ನಿಧನರಾದವರು. ದುಂದುವೆಚ್ಚ ಮಾಡುವ, ಆದರೆ ಬುದ್ಧಿ ಸ್ವಾಧೀನದಲ್ಲಿರುವ ಪ್ರೌಢನ ವ್ಯವಹಾರದ ಅಧಿಕಾರವನ್ನು ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ಬಂದಾಗ ಅವರು ಕೂಡದು ಎಂದರು. ಅವರ ಕಾರಣ ನಮ್ಮನ್ನು ಬೆರಗುಗೊಳಿಸುತ್ತದೆ. ಮನುಷ್ಯನ ಮಾತಿಗೆ ಬೆಲೆಯಿಲ್ಲವೆಂದು ಘೋಷಿಸುವುದು ಅವನನ್ನು ಪ್ರಾಣಿಗಳ ಸಾಲಿಗೆ ಸೇರಿಸಿದಂತೆ, ಸೊತ್ತು ಕಳೆದುಕೊಳ್ಳುವ ನಷ್ಟಕ್ಕಿಂತ ಈ ನಷ್ಟ ದೊಡ್ಡದು ಎಂದು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇದನ್ನು ಒಪ್ಪಲಿಲ್ಲ. ಆದರೆ ಇದೇ ಇಮಾಮರು, ಅಂಕೆಯಲ್ಲಿಡಬೇಕಾದವರು ಇದ್ದಾರೆ ಎಂದು ಮೂವರನ್ನು ಹೆಸರಿಸಿದರು. ನಾಚಿಕೆಯಿಲ್ಲದ ಮುಫ್ತಿ, ದಿವಾಳಿಯಾದ ಬಾಡಿಗೆ ಸಾಗಣೆದಾರ ಮತ್ತು ವಿದ್ಯೆಯಿಲ್ಲದ ವೈದ್ಯ. ಸಾಮಾನ್ಯನ ತಪ್ಪಿನಿಂದ ಅವನಿಗೆ ಹಾನಿ, ಇವರ ತಪ್ಪಿನಿಂದ ಊರಿಗೆ ಹಾನಿ. ಈ ಚರ್ಚೆಯೆಲ್ಲ ಇರುವ 'ಹಿದಾಯಾ' ಗ್ರಂಥವನ್ನು 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಂದರು. ಕಂಪೆನಿಯ ನ್ಯಾಯಾಲಯಗಳು ಅದನ್ನು ಬಳಸಿದವು.

ಆಸ್ಪತ್ರೆಗಳ ಕಡೆಗೆ ಬರೋಣ. 1154ರಲ್ಲಿ ದಮಾಸ್ಕಸ್‌ನಲ್ಲಿ ನೂರುದ್ದೀನ್, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನ್‌ಗಳು ಹೆಸರುವಾಸಿ. ನಮ್ಮ ಬೀದರಿನಲ್ಲಿ 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾ ಒಂದು ದಾರುಶ್ಶಿಫಾ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟು, ಮುಸ್ಲಿಮ್ ಮತ್ತು ಹಿಂದೂ ವೈದ್ಯರಿಬ್ಬರನ್ನೂ ನೇಮಿಸಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಇವನ್ನು ನೆನೆದು ಹೆಮ್ಮೆಪಡುವುದು ಸುಲಭ. ಆದರೆ ಹಳೆಯ ಬೀಮಾರಿಸ್ತಾನ್‌ಗಳಲ್ಲಿ ಬುದ್ಧಿಭ್ರಮಣೆಯಾದವರನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದುದೂ ಇತಿಹಾಸವೇ. ಊಟ, ಹಾಸಿಗೆ, ಔಷಧ ಕೊಟ್ಟ ದಯೆ ಅವರ ಮಾತನ್ನು ಕೇಳುವವರೆಗೆ ಹೋಗಲಿಲ್ಲ.

ಉಸ್ಮಾನಿಯಾ ತುರ್ಕಿಯ ಕಾಝಿ ನ್ಯಾಯಾಲಯಗಳ ಕಡತಗಳಲ್ಲಿ ಇನ್ನೊಂದು ಬಗೆಯ ದಾಖಲೆ ಸಿಗುತ್ತದೆ. ಮೂತ್ರಕೋಶದ ಕಲ್ಲು, ಅಂಡವಾಯು ಮುಂತಾದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಮತ್ತು ಶಸ್ತ್ರವೈದ್ಯ ಇಬ್ಬರೂ ಕಾಝಿಯ ಮುಂದೆ ಬಂದು, ರೋಗಿ ತನ್ನ ರಿಝಾದಿಂದ ಒಪ್ಪಿದ್ದಾನೆಂದು ಬರೆಸುತ್ತಿದ್ದರು. 17ನೇ ಶತಮಾನದ ಉಸ್ಕುದಾರ್‌ನಲ್ಲಿ ಸಾಲಿಹಾ ಖಾತೂನ್ ಎಂಬ ಮಹಿಳಾ ಶಸ್ತ್ರವೈದ್ಯೆಯ ಹೆಸರಿನಲ್ಲೂ ಇಂತಹ ಪತ್ರಗಳಿವೆ. ಗಂಡಸರು ಬಂದು, ಈಕೆ ನನ್ನನ್ನು ಕೊಯ್ಯಲು ನಾನು ಒಪ್ಪಿದ್ದೇನೆ ಎಂದು ಬರೆಸಿದ್ದಾರೆ. ಇಂಗ್ಲೆಂಡಿನಲ್ಲಿ ಒಪ್ಪಿಗೆಯ ಪ್ರಶ್ನೆ ನ್ಯಾಯಾಲಯದಲ್ಲಿ ಹೆಸರು ಮಾಡಿದ್ದು 1767ರ ಸ್ಲೇಟರ್ ಪ್ರಕರಣದಲ್ಲಿ. ಕೂಡುತ್ತಿದ್ದ ಕಾಲಿನ ಮೂಳೆಯನ್ನು ರೋಗಿಯನ್ನು ಕೇಳದೆ ಮತ್ತೆ ಮುರಿದ ವೈದ್ಯರಿಗೆ ಅಲ್ಲಿ ದಂಡ ಬಿತ್ತು. ಯಾರು ಮೊದಲು ಎಂಬ ಪಂದ್ಯ ನಮಗೆ ಬೇಡ. ಉಸ್ಮಾನಿಯಾ ಪತ್ರಗಳಲ್ಲೂ, ರೋಗಿ ಸತ್ತರೆ ವಾರಸುದಾರರು ವೈದ್ಯನ ಮೇಲೆ ದಾವೆ ಹೂಡುವಂತಿಲ್ಲ ಎಂಬ ಸಾಲು ಇರುತ್ತಿತ್ತು. ಅಂದರೆ ಒಪ್ಪಿಗೆ ಪತ್ರಕ್ಕೆ ಅಂದೇ ಎರಡು ಮುಖಗಳಿದ್ದವು. ರೋಗಿಯ ಮರ್ಜಿಯನ್ನು ಕಾಯುವುದು ಒಂದು, ವೈದ್ಯನ ಕುತ್ತಿಗೆಯನ್ನು ಕಾಯುವುದು ಇನ್ನೊಂದು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎರಡನೆಯದೇ ಹೆಚ್ಚು ಬಲವಾಗಿದೆ.

ಭಾರತದಲ್ಲಿ ಬ್ರಿಟಿಷರು ತಂದ ಕಾನೂನು ಈ ವಿಷಯವನ್ನು ಒಂದೇ ಗೆರೆಯಲ್ಲಿ ಮುಗಿಸಿತು. 1860ರ ದಂಡಸಂಹಿತೆಯ 89ನೇ ಕಲಂ 12 ವರ್ಷದೊಳಗಿನ ಮಕ್ಕಳನ್ನೂ ಚಿತ್ತಸ್ವಾಸ್ಥ್ಯವಿಲ್ಲದವರನ್ನೂ ಜೊತೆಗೆ ಕೂರಿಸಿ, ಇಬ್ಬರ ಪರವಾಗಿಯೂ ಪೋಷಕರು ಒಪ್ಪಿದರೆ ಸಾಕೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮಿನಲ್ಲೂ ಈ ಜೋಡಿ ಹಾಗೆಯೇ ಉಳಿದಿದೆ. 1912ರ ಹುಚ್ಚರ ಕಾಯ್ದೆ ಅವರನ್ನು ಎಲ್ಲಿಡಬೇಕು, ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಹೇಳಿತು. ಅವರಿಗೇನು ಬೇಕೆಂದು ಕೇಳುವ ಜಾಗ ಅದರಲ್ಲಿ ಇರಲಿಲ್ಲ.

ಹೀಗೆ ಕೇಳದೇ ಹೋದುದರ ಫಲ 1994ರಲ್ಲಿ ಪುಣೆಯಲ್ಲಿ ಕಂಡಿತು. ಶಿರೂರಿನ ಸರಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಯಲಾಯಿತು. ಮುಟ್ಟಿನ ದಿನಗಳ ಸ್ವಚ್ಛತೆ ಅವರಿಗೆ ತಿಳಿಯದು, ಇದು ಅವರ ಒಳಿತಿಗಾಗಿಯೇ ಎಂಬ ಸಮಜಾಯಿಷಿ ಬಂತು. ಮಹಿಳಾ ಸಂಘಟನೆಗಳ ಪ್ರತಿಭಟನೆಯಿಂದ ಅದು ನಿಂತಿತು. ಅಷ್ಟರಲ್ಲಿ ಹಲವರ ಗರ್ಭಕೋಶ ಹೋಗಿತ್ತು.

ಸುಪ್ರೀಮ್ ಕೋರ್ಟು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ನೀಡಿತು. 1995ರಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಪರೀಕ್ಷೆಗೆಂದು ಮಂಪರಿಗೆ ಒಳಗಾಗಿದ್ದರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. ತಕ್ಷಣದ ಪ್ರಾಣಾಪಾಯವಿರಲಿಲ್ಲ, ಅವರು ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ಪ್ರೌಢ ಮಗಳ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದು ಎಂದಿತು ನ್ಯಾಯಾಲಯ. ಇದನ್ನು ಓದುವಾಗ ನಮಗೆ ಲದೂದಿನ ಘಟನೆ ನೆನಪಾಯಿತು. ಪ್ರಜ್ಞೆ ತಪ್ಪಿದವರ ಮರ್ಜಿ ಪ್ರಜ್ಞೆಯೊಂದಿಗೆ ತಪ್ಪಿಹೋಗುವುದಿಲ್ಲ.

2009ರಲ್ಲಿ ಚಂಡೀಗಢದ ಪ್ರಕರಣ ಬಂತು. ಸರಕಾರಿ ಆಶ್ರಯದಲ್ಲಿದ್ದ, ಬುದ್ಧಿಯ ಬೆಳವಣಿಗೆ ಸ್ವಲ್ಪ ಕಡಿಮೆಯಿದ್ದ ಅನಾಥ ಯುವತಿ ಅತ್ಯಾಚಾರಕ್ಕೀಡಾಗಿ ಗರ್ಭಿಣಿಯಾಗಿದ್ದಳು. ಅವಳ ಒಳಿತಿಗಾಗಿ ಗರ್ಭಪಾತ ಮಾಡಿಸಬೇಕೆಂದು ಹೈಕೋರ್ಟು ಆದೇಶಿಸಿತು. ಅವಳು ಮಾತ್ರ ಮಗು ಬೇಕೆಂದಳು. ಅವಳ ಒಪ್ಪಿಗೆಯಿಲ್ಲದೆ ಕೂಡದು ಎಂದು ಸುಪ್ರೀಮ್ ಕೋರ್ಟು ಆ ಆದೇಶವನ್ನು ತಡೆಯಿತು. ಅವಳ ತೀರ್ಮಾನ ಸರಿಯೇ ಎಂದು ವಾದಿಸುವವರು ವಾದಿಸಲಿ. ತೀರ್ಮಾನ ಅವಳದ್ದು ಎಂಬುದಷ್ಟೇ ಇತಿಹಾಸದಲ್ಲಿ ಉಳಿಯುವ ಮಾತು.

ಮಾತೇ ಆಡದವರನ್ನು ಕೇಳುವುದು ಹೇಗೆ? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ನಮ್ಮ ಉತ್ತರ ಕನ್ನಡದ ಹಳದೀಪುರದ ಮಗಳು ಅರುಣಾ ಶಾನಭಾಗ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ದಾಳಿ ಮಾಡಿದ. ಕುತ್ತಿಗೆಗೆ ಸರಪಳಿ ಬಿಗಿದದ್ದರಿಂದ ಮಿದುಳಿಗೆ ಹಾನಿಯಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿ ಹಾಕಿದರು. 2011ರ ಮಾರ್ಚ್ 7ರ ತೀರ್ಪು ಆ ಅರ್ಜಿಯನ್ನು ತಳ್ಳಿಹಾಕಿತು. ಅರುಣಾರ ಪರವಾಗಿ ಮಾತನಾಡುವ ಆಪ್ತರು ಯಾರು ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. ಇಷ್ಟು ವರ್ಷ ಮೈ ತೊಳೆದು, ಉಣಿಸಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಆಪ್ತರು ಎಂದಿತು ನ್ಯಾಯಾಲಯ. ಅವರನ್ನು ಪರೀಕ್ಷಿಸಿದ ವೈದ್ಯರ ವರದಿಯಲ್ಲಿ, ಇಷ್ಟವಾಗದ ಆಹಾರವನ್ನು ಅವರು ಉಗುಳುತ್ತಾರೆ ಎಂಬ ಮಾತಿದೆ. ನಾಲ್ಕು ದಶಕ ಮೌನವಾಗಿದ್ದ ಜೀವದಲ್ಲೂ ಬೇಡ ಎನ್ನುವ ಒಂದು ದಾರಿ ಉಳಿದಿತ್ತು. ಅದನ್ನು ಓದಬಲ್ಲವರು ಬಳಿಯಲ್ಲಿದ್ದವರು ಮಾತ್ರ.

ಕಾನೂನು ನಿಧಾನವಾಗಿ ಈ ಕಡೆಗೆ ತಿರುಗಿದೆ. ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಬಂತು, ಭಾರತ ಅದಕ್ಕೆ 2007ರಲ್ಲಿ ಸಮ್ಮತಿ ಕೊಟ್ಟಿತು. ಅದರ 12ನೇ ವಿಧಿಯ ತಿರುಳು ಇಷ್ಟೇ: ವಿಕಲಚೇತನರಿಗೂ ಕಾನೂನಿನ ಮುಂದೆ ಎಲ್ಲರಷ್ಟೇ ಅಧಿಕಾರವಿದೆ, ಅದನ್ನು ಚಲಾಯಿಸಲು ಬೇಕಾದ ಬೆಂಬಲವನ್ನು ಸರಕಾರ ಒದಗಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪೋಷಕರ ಅಧಿಕಾರವನ್ನು ಮೊಟಕುಗೊಳಿಸಿತು. ಪೋಷಕರಾದವರು ಆ ವ್ಯಕ್ತಿಯೊಂದಿಗೆ ಸೇರಿ, ಪರಸ್ಪರ ವಿಶ್ವಾಸದಿಂದ, ನಿರ್ದಿಷ್ಟ ವಿಷಯಕ್ಕೆ ಮತ್ತು ನಿರ್ದಿಷ್ಟ ಅವಧಿಗೆ ಮಾತ್ರ ತೀರ್ಮಾನ ಮಾಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಮುಂದೆ ಹೋಯಿತು. ಮಾತಿನಿಂದಲೋ, ಮುಖಭಾವದಿಂದಲೋ, ಸನ್ನೆಯಿಂದಲೋ ತನ್ನ ತೀರ್ಮಾನವನ್ನು ತಿಳಿಸಿದರೂ ಅದಕ್ಕೆ ಬೆಲೆಯಿದೆ ಎಂದಿತು. ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ, ಬೇಕಾದರೆ ಸಂಜ್ಞೆ ಭಾಷೆಯಲ್ಲಿ, ಚಿತ್ರಗಳಲ್ಲಿ ವಿವರಿಸಬೇಕೆಂದಿತು. ಇತರರಿಗೆ ತಪ್ಪೆಂದು ಕಾಣುವ ತೀರ್ಮಾನ ಮಾಡಿದರೆಂಬ ಒಂದೇ ಕಾರಣಕ್ಕೆ ಬುದ್ಧಿಯಿಲ್ಲವೆನ್ನುವಂತಿಲ್ಲ ಎಂದಿತು. ಅಬೂ ಹನೀಫಾರ ಮಾತು ಹನ್ನೆರಡು ಶತಮಾನಗಳ ಬಳಿಕ ಬೇರೊಂದು ಬಾಗಿಲಿನಿಂದ ಬಂದಂತಿದೆ.

ವೃದ್ಧರ ಸ್ಥಿತಿ ಬೇರೆ. 2007ರ ಹಿರಿಯ ನಾಗರಿಕರ ಕಾಯ್ದೆ ಆಸ್ಪತ್ರೆಯಲ್ಲಿ ಅವರಿಗೆ ಹಾಸಿಗೆ, ಪ್ರತ್ಯೇಕ ಸರದಿ ಮುಂತಾದವನ್ನು ಹೇಳಿತು. ಆ ಹಾಸಿಗೆಯಲ್ಲಿ ಮಲಗಿದವರನ್ನು ಕೇಳಬೇಕೆಂಬ ಮಾತು ಅದರಲ್ಲಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು 2018ರ ಮಾರ್ಚ್ 9ರ ಸುಪ್ರೀಮ್ ಕೋರ್ಟಿನ ತೀರ್ಪು. ಗುಣವಾಗುವ ಆಸೆಯಿಲ್ಲದ ಹಂತದಲ್ಲಿ ಯಂತ್ರಗಳ ಮೇಲೆ ಜೀವ ಹಿಡಿದಿಡುವುದು ಬೇಕೇ ಬೇಡವೇ, ಅಂದು ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಮುಂಚಿತವಾಗಿ ಬರೆದಿಡಲು ಅದು ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಪಡೆದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯಲು ಇದು ಅನುಮತಿಯಲ್ಲ. ಈ ವ್ಯತ್ಯಾಸವನ್ನು ನಮ್ಮ ಮಸೀದಿ ಮೊಹಲ್ಲಾಗಳಲ್ಲಿ ಬಿಡಿಸಿ ಹೇಳುವವರು ಬೇಕು.

ಆದರೆ ಕಾನೂನು ಪುಸ್ತಕದಲ್ಲಿದೆ, ರೋಗಿ ವಾರ್ಡಿನಲ್ಲಿದ್ದಾನೆ. ನಡುವಿನ ಜಾಗವನ್ನು ನಾವೇ ತುಂಬಬೇಕು. ಅದು ದೊಡ್ಡ ಕೆಲಸವೇನಲ್ಲ. ಕಿವಿಯ ಮೆಶೀನು, ಕನ್ನಡಕ, ಹಲ್ಲಿನ ಸೆಟ್ಟು ಹಾಕಿಸಿದ ಮೇಲೆ ಮಾತು ಶುರುಮಾಡುವುದು. ಔಷಧದ ಮಂಪರು ಇಳಿದಿರುವ ಹೊತ್ತು ನೋಡಿ ಕೇಳುವುದು. ಬ್ಯಾರಿ ಮಾತನಾಡುವ ಅಜ್ಜಿಗೆ ಬ್ಯಾರಿಯಲ್ಲಿ, ತುಳುವರಿಗೆ ತುಳುವಿನಲ್ಲಿ, ದಖನಿಯವರಿಗೆ ದಖನಿಯಲ್ಲಿ ಹೇಳುವುದು. ಕಾಗದದ ಮೇಲೆ ಚಿತ್ರ ಬರೆದು ಎಲ್ಲಿ ಕೊಯ್ಯುತ್ತಾರೆಂದು ತೋರಿಸುವುದು. ಹೇಳಿದ್ದು ಏನು ಅರ್ಥವಾಯಿತೆಂದು ಅವರ ಬಾಯಿಯಿಂದಲೇ ಕೇಳುವುದು. ಅವರು ನಂಬುವ ಒಬ್ಬರನ್ನು, ಅದು ಮಗನೇ ಆಗಬೇಕೆಂದಿಲ್ಲ, ಪಕ್ಕದಲ್ಲಿ ಕೂರಿಸುವುದು. ನಾಳೆ ಹೇಳುತ್ತೇನೆ ಎಂದರೆ, ಅಪಾಯವಿಲ್ಲದಿದ್ದರೆ, ನಾಳೆಯವರೆಗೆ ಕಾಯುವುದು.

ನಮ್ಮ ಸಮುದಾಯ ಇನ್ನೊಂದು ಮಾತನ್ನು ಯೋಚಿಸಬೇಕು. ಹೆಂಗಸರ ಚಿಕಿತ್ಸೆಗೆ ಗಂಡನ ಸಹಿಯೇ ಬೇಕೆಂಬುದು ನಮ್ಮಲ್ಲಿ ಧರ್ಮದ ನಿಯಮದಷ್ಟು ಗಟ್ಟಿಯಾಗಿ ಕೂತಿದೆ. ಆಸ್ಪತ್ರೆಗಳಿಗೂ ಅದೇ ಅನುಕೂಲ. ಪ್ರೌಢ ಮಹಿಳೆಯ ಒಪ್ಪಿಗೆ ಅವಳದ್ದೇ ಎನ್ನುತ್ತದೆ ದೇಶದ ಕಾನೂನು. ಆ ಮೂರ್ಛೆರೋಗದ ಮಹಿಳೆಯ ಹದೀಸನ್ನು ನಾವು ಸಹನೆಯ ಪಾಠವಾಗಿ ಎಷ್ಟೋ ಸಲ ಕೇಳಿದ್ದೇವೆ. ಅವಳನ್ನು ಕೇಳಲಾಯಿತು ಎಂಬ ಪಾಠವನ್ನು ವಾಝ್‌ನಲ್ಲಿ ಯಾರೂ ಹೇಳಿದ್ದು ನಮಗೆ ನೆನಪಿಲ್ಲ.

ಖಾಲಾ ಆಮೇಲೆ ಎರಡು ವರ್ಷ ಬದುಕಿದ್ದರು. ಕುರ್ಚಿಯ ಮೇಲೆ ಕೂತೇ ನಮಾಝ್ ಮಾಡುತ್ತಿದ್ದರು. ಒಂದು ಸಂಜೆ ಮಗ್ರಿಬ್ ಮುಗಿಸಿ ಜಾನಮಾಝ್ ಮಡಚುವಾಗ, ಅಂದು ಕೇಳಿದ್ದರೆ ಏನು ಮಾಡುತ್ತಿದ್ದಿರಿ ಖಾಲಾ ಎಂದು ಕೇಳಿದೆವು. ಅಷ್ಟು ತಡವಾಗಿ ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. 'ಒಂದು ಗಳಿಗೆ ಕೊಡಿ ಅನ್ನುತ್ತಿದ್ದೆ ಬೇಟಾ, ಎರಡು ಕಾಲಿನ ಮೇಲೆ ನಿಂತು ಎರಡು ರಕಅತ್ ಓದಿ ಬರುತ್ತಿದ್ದೆ' ಎಂದರು.

ಆ ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಸಾಕ್ಷಿಯೆಂದು ಸಹಿ ಹಾಕಿದ ನಮಗೂ ಅದು ತಿಳಿದಿರಲಿಲ್ಲ.